ಉಳ್ಳಾಗಡ್ಡಿಯ ಕೆಳಗಿನ ಮೀಸೆ

ನನಗೊಂದು ಕೆಟ್ಟ ಚಾಳಿ ಇದೆ. ಸಿಟ್ಟು ಬಂದರೆ ನಗು ಬರುತ್ತದೆ. ಸಣ್ಣ ಸಿಟ್ಟಿಗೆ ಸಣ್ಣ ನಗು, ದೊಡ್ಡ ಸಿಟ್ಟಿಗೆ ಹೊಟ್ಟೆ ಹಿಡಿದುಕೊಂಡು ನಗು. ವಿಚ್ಛೇದನದ ಅರ್ಜಿಯಲ್ಲಿ ನನ್ನ ಮಗಳ ಅಪ್ಪ ನನ್ನ ಮೇಲೆ ಹೊರಿಸಿದ ಆರು ಆರೋಪಗಳಲ್ಲಿ ನಾಲ್ಕನೆಯದು ಇದೇ: 'ಸದರಿ ಪ್ರತಿವಾದಿಯು ಸಕಾರಣವಿಲ್ಲದೆ ನಗುತ್ತಾಳೆ.' ಅದನ್ನು ಓದಿ ವಕೀಲರ ಕಚೇರಿಯಲ್ಲಿ ಕುರ್ಚಿಯಿಂದ ಜಾರುವಷ್ಟು ನಕ್ಕೆ. ಉಳಿದ ಐದೂ ಸುಳ್ಳು, ಇದೊಂದು ನಿಜ. ಆದರೆ ಕಾರಣ ಇರಲಿಲ್ಲ ಅನ್ನುವುದನ್ನು ಮಾತ್ರ ನಾನು ಇವತ್ತಿಗೂ ಒಪ್ಪುವುದಿಲ್ಲ.

ಮಗಳಿಗೂ ಈ ಚಾಳಿ ಅಂಟಿಕೊಂಡಿದೆ. ಕೊಪ್ಪಳದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಒಂದು ಹೊಲಿಗೆ ಯಂತ್ರ, ಒಂದು ಕಪಾಟು, ನಗುವವರು ಇಬ್ಬರು, ಇಷ್ಟೇ ಸಂಸಾರ. ನಾನು ಬ್ಲೌಸು, ಲಂಗ, ಶಾಲೆಯ ಯೂನಿಫಾರ್ಮು ಹೊಲಿಯುತ್ತೇನೆ, ಅವಳು ಶಾಲೆಯಿಂದ ಬಂದು ಹುಕ್ಕು ಹಚ್ಚುತ್ತಾಳೆ. ಪಕ್ಕದ ಮನೆಯ ಆಪಾ ಬಳೆ, ಹೇರ್‌ಪಿನ್ನು, ರಿಬ್ಬನ್ನು ಹೊತ್ತು ವಾರವಿಡೀ ಸಂತೆಯಿಂದ ಸಂತೆಗೆ ತಿರುಗುವಾಕೆ. ನಮ್ಮ ಗೋಡೆಗೆ ಕಿವಿ ಇಲ್ಲದಿದ್ದರೂ ಆಪಾಗೆ ಇದೆ. ನಾವು ನಗಲು ಶುರು ಮಾಡಿದರೆ ಆಚೆಯಿಂದ ಕೂಗಿ ಕಾರಣ ಕೇಳುತ್ತಾಳೆ, ಹೇಳಿದ ಮೇಲೆ ಅವಳೂ ನಗುತ್ತಾಳೆ.

ವಿಚ್ಛೇದನವಾದಾಗ ಮಗಳಿಗೆ ಏಳು ವರ್ಷ. ಅವಳ ಅಪ್ಪ ಗಂಗಾವತಿಯವನು, ಭತ್ತ ಕೊಯ್ಯುವ ಯಂತ್ರಗಳ ವ್ಯವಹಾರ. ಆ ಕಡೆ ಅದಕ್ಕೆ ಕಟಾವು ಮಷೀನ್ ಅನ್ನುತ್ತಾರೆ. ಮಗಳ ಜೀವನಾಂಶವೆಂದು ತಿಂಗಳಿಗೆ ಐದು ಸಾವಿರ ಕೊಡಬೇಕು ಎಂದು ಕೋರ್ಟು ಆದೇಶ ಮಾಡಿತ್ತು. ಮೊದಲೆರಡು ವರ್ಷ ಹಣವೂ ಬಂತು, ಅವನೂ ಆಗಾಗ ಬಂದು ಮಗಳಿಗೆ ಐಸ್‌ಕ್ರೀಮ್ ಕೊಡಿಸಿ ಹೋಗುತ್ತಿದ್ದ. ಆಮೇಲೆ ಅವನು ಬರುವುದು ನಿಂತಿತು. ಫೋನ್ ಮಾಡಿದರೆ 'ಸೀಸನ್ ನಡದೈತಿ' ಅನ್ನುವನು. ಗಂಗಾವತಿಯ ಗದ್ದೆಗಳಿಗೆ ವರ್ಷಕ್ಕೆ ಎರಡು ಬೆಳೆ, ಇವನಿಗೆ ಹನ್ನೆರಡು ತಿಂಗಳೂ ಸೀಸನ್. ಹಾಗೆಯೇ ನಾಲ್ಕು ವರ್ಷ ಕಳೆಯಿತು. ಹಣ ಮೊದಲು ತಡವಾಯಿತು, ಆಮೇಲೆ ಅರ್ಧವಾಯಿತು, ಕೊನೆಗೆ ಪೂರ್ತಿ ನಿಂತು ಹದಿನಾಲ್ಕು ತಿಂಗಳಾಯಿತು.

ಮಗಳು ಮಾತ್ರ ನಿಲ್ಲಲಿಲ್ಲ, ಬೆಳೆಯುತ್ತಲೇ ಹೋದಳು. ಯೂನಿಫಾರ್ಮಿನ ಅಂಚು ಬಿಚ್ಚಿ ಬಿಚ್ಚಿ ಇಳಿಸಿದೆ, ಕೊನೆಗೆ ಬಿಚ್ಚಲು ಅಂಚೇ ಉಳಿಯಲಿಲ್ಲ. ಕರಿಹಲಗೆ ಮಸುಕಾಗಿ ಕಾಣುತ್ತದೆ ಅಂದಳು, ಕನ್ನಡಕ ಬಂತು. ಎಂಟನೇ ತರಗತಿಗೆ ಬರುವಷ್ಟರಲ್ಲಿ ಫೀಸು ನನ್ನ ಕತ್ತರಿಗೆ ಸಿಗದಷ್ಟು ಏರಿತ್ತು. ಆಗ ಕುಷ್ಟಗಿಯಲ್ಲಿರುವ ನನ್ನ ಅಣ್ಣ ಫೋನ್ ಮಾಡಿದ.

"ತಂಗಿ, ಒಬ್ಬಾಕಿ ಎಷ್ಟಂತ ಎಳೀತಿ? ಜೂನ್ ತಿಂಗಳದಾಗ ಹುಡಿಗೀನ ಇಲ್ಲಿ ಕಳಸು. ನಮ್ಮ ಮನ್ಯಾಗಿನ ಮಕ್ಕಳ ಜೋಡಿ ಇಲ್ಲೇ ಸರ್ಕಾರಿ ಸಾಲಿಗೆ ಹೋಗ್ತಾಳ."

ಅಣ್ಣನ ಮನಸ್ಸು ಒಳ್ಳೆಯದು. ಮಾತಿಗೆ ತಪ್ಪಲಾರದವನು ಬೇರೆ, ಮರುವಾರವೇ ಬಸ್ಸಿನ ಮೇಲೆ ಒಂದು ತಗಡಿನ ಟ್ರಂಕು ಹೇರಿ ಕಳಿಸಿಬಿಟ್ಟ, ಅವಳ ಬಟ್ಟೆ ತುಂಬಲಿಕ್ಕೆ. ಮಗಳು ಟ್ರಂಕಿನ ಮೇಲೆ ಕುಳಿತು "ಇದರಾಗ ನಾನೂ ಹಿಡೀತೀನಿ" ಅಂದಳು. ಇಬ್ಬರೂ ನಕ್ಕೆವು. ಆದರೆ ಅವತ್ತು ಇಡೀ ದಿನ ನಾನು ಹೊಲಿದ ಬ್ಲೌಸುಗಳ ತೋಳು ಹಿಂದುಮುಂದಾಗಿದ್ದವು. ಅವಳಿಲ್ಲದ ಆ ಎರಡು ಕೋಣೆಗಳನ್ನು ನೆನೆಸಿಕೊಂಡರೆ ನನಗೆ ಭಯವಾಗುತ್ತಿತ್ತು, ಬೇರೆ ಮಾತಿಲ್ಲ.

ಯಲಬುರ್ಗಾದ ಒಬ್ಬ ಹೆಣ್ಣುಮಗಳು ಕೊಪ್ಪಳದಲ್ಲಿ ವಕೀಲಿ ಮಾಡುತ್ತಿದ್ದರು. ಅವರ ಹತ್ತಿರ ಹೋದೆ. ಮೇಡಂ ಎರಡು ಅರ್ಜಿ ಹಾಕಿಸಿದರು: ಒಂದು ಹದಿನಾಲ್ಕು ತಿಂಗಳ ಬಾಕಿ ಕೊಡಿಸಿ ಎಂದು, ಇನ್ನೊಂದು ಮಗಳು ದೊಡ್ಡವಳಾಗಿದ್ದಾಳೆ, ಜೀವನಾಂಶ ಹೆಚ್ಚಿಸಿ ಎಂದು. ನೋಟಿಸು ಎರಡು ಸಲ 'ಮನೆಗೆ ಬೀಗ' ಎಂದು ಬರೆಸಿಕೊಂಡು ಹಿಂದಕ್ಕೆ ಬಂತು. ಮೂರನೇ ಸಲಕ್ಕೆ ಅವನೇ ಬಂದ, ಕೈಯಲ್ಲಿ ಅವನದೇ ಒಂದು ಅರ್ಜಿ ಹಿಡಿದುಕೊಂಡು. ವ್ಯವಹಾರ ಮುಳುಗಿದೆ, ಮಷೀನುಗಳೆಲ್ಲ ಹೋದವು, ಈಗ ಬೇರೆಯವರ ಮಷೀನಿನ ಮೇಲೆ ದಿನಗೂಲಿ ಡ್ರೈವರ್ ಆಗಿದ್ದೇನೆ, ಸಣ್ಣ ಮಗುವಿಗೆ ಖರ್ಚಾದರೂ ಎಷ್ಟು, ಆದ್ದರಿಂದ ಜೀವನಾಂಶವನ್ನು ಎರಡು ಸಾವಿರಕ್ಕೆ ಇಳಿಸಬೇಕು. ಇದು ಅವನ ಪ್ರಾರ್ಥನೆ.

ಆ ದಿನ ಅವನು ಕೋರ್ಟಿಗೆ ಹಾಕಿಕೊಂಡು ಬಂದಿದ್ದ ವೇಷ ನೋಡಬೇಕಿತ್ತು. ಹಿಮ್ಮಡಿ ಸವೆದ ಚಪ್ಪಲಿ, ಕಾಲರು ಹರಿದ ನೀಲಿ ಅಂಗಿ, ಎರಡು ದಿನದ ಗಡ್ಡ. ಗಡ್ಡಕ್ಕೆ ಕನಿಕರ ಹುಟ್ಟುತ್ತಿತ್ತೇನೋ, ಆದರೆ ನಾನು ದರ್ಜಿ, ನನ್ನ ಕಣ್ಣು ಮೊದಲು ಹೋಗುವುದು ಅಂಗಿಯ ಮೇಲೆ. ಅದರ ಮೂರನೇ ಗುಂಡಿ ಬಿಳಿದು, ಉಳಿದವು ನೀಲಿ. ಮನೆಯಲ್ಲಿ ನೀಲಿ ಗುಂಡಿ ಇಲ್ಲದ ಒಂದು ದಿನ ಆ ಬಿಳಿ ಗುಂಡಿಯನ್ನು ಹಚ್ಚಿದವಳು ನಾನೇ. ನಾನು ಬಿಟ್ಟು ಬಂದ ಕಪಾಟಿನ ತಳದಿಂದ ಆ ಅಂಗಿಯನ್ನು ಕೋರ್ಟಿಗೆಂದೇ ಹುಡುಕಿ ತೆಗೆದಿದ್ದಾನೆ. ಅಷ್ಟು ಹೊಳೆದದ್ದೇ ತಡ, ಹೊಟ್ಟೆಯೊಳಗಿಂದ ನಗು ಎದ್ದುಬಂತು. ಸೆರಗು ಬಾಯಿಗೆ ತುರುಕಿದೆ, ಮೂಗಿನಿಂದ ಬಂತು.

"ಏನಮ್ಮಾ, ನಗುವಂಥದ್ದು ಏನಿದೆ ಇಲ್ಲಿ?" ಅಂದರು ನ್ಯಾಯಾಧೀಶರು.

"ಗುಂಡಿ ರೀ ಸಾಹೇಬ್ರ" ಅಂದೆ. ಮೇಡಂ ನನ್ನ ಕಾಲು ತುಳಿದರು. ಹೊರಗೆ ಬಂದ ಮೇಲೆ ಚೆನ್ನಾಗಿ ಬೈದರು.

"ನೋಡವಾ, ನೀ ಹಿಂಗ ನಕ್ರ ಅವಂದು ಕಷ್ಟ ಖರೇ ಅನಸ್ತೈತಿ. ಅವನ ಹಂತ್ಯಾಕ ಮಷೀನ್ ಅದಾವ ಅನ್ನಾಕ ನಮಗ ಏನರ ಬೇಕು. ಗಾಡಿ ನಂಬರ್ ಒಂದ್ ಸಿಕ್ರ ಸಾಕು, ಮಾಲೀಕ ಯಾರಂತ ತಗಸ್ತೀನಿ. ಬರೇ ಗುಂಡಿ ತೊಗೊಂಡು ನಾ ಏನ್ ಮಾಡ್ಲಿ?"

ನಂಬರು ಎಲ್ಲಿಂದ ತರಲಿ? ಗದ್ದೆ ಗದ್ದೆ ತಿರುಗಿ, ಕೊಯ್ಲಿನ ಮಷೀನುಗಳ ಹಿಂದೆ ಓಡಿ, ಇದು ಯಾರದಪ್ಪಾ ಎಂದು ಕೇಳಲಾಗುತ್ತದೆಯೇ? ಅವನ ಊರಿನಲ್ಲಿ ನನಗೆ ಹೇಳುವವರು ಯಾರೂ ಇರಲಿಲ್ಲ. ಹಾಗೆ ತಲೆ ಕೆಡಿಸಿಕೊಂಡು ಕುಳಿತಿದ್ದಾಗ ಒಂದು ಸಂಜೆ ಆಪಾ ಬಳೆಯ ಗಂಟು ಇಳಿಸುವ ಮೊದಲೇ ನಮ್ಮ ಬಾಗಿಲಿಗೆ ಬಂದಳು.

"ತಂಗೀ, ನಿನ್ನ ಮಗಳ ಅಪ್ಪ ಗಂಗಾವತಿ ಸರ್ಕಲ್‌ನ್ಯಾಗ ಅದಾನ."

"ಅದರಾಗೇನೈತಿ ಆಪಾ, ಅವನ ಊರು."

"ಅರೇ, ನಿಂತಿಲ್ಲ, ತೂಗ್ಯಾಡಾಕತ್ಯಾನ. ಬಸ್ಸಿನ ಕಿಟಕ್ಯಾಗಿಂದ ನೋಡೇನಿ. ಇಷ್ಟ ದೊಡ್ಡ ಫ್ಲೆಕ್ಸ್. ಕರೀ ಕನ್ನಡಕ ಹಾಕ್ಯಾನ, ಹಿಂದ ಮೂರ್ ಮಷೀನ್ ನಿಲ್ಲಿಸ್ಯಾರ."

ನಮ್ಮ ಕಡೆ ಹುಟ್ಟುಹಬ್ಬ ಬಂತೆಂದರೆ ಫ್ಲೆಕ್ಸು ಏಳಲೇಬೇಕು. ಕೇಕು ಇಲ್ಲದಿದ್ದರೂ ನಡೆಯುತ್ತದೆ, ಫ್ಲೆಕ್ಸ್ ಇಲ್ಲದಿದ್ದರೆ ಆ ಮನುಷ್ಯ ಹುಟ್ಟಿಯೇ ಇಲ್ಲ. ಗೆಳೆಯರು ಹಾಕಿಸುತ್ತಾರೆ, ಎಷ್ಟೋ ಸಲ ದುಡ್ಡು ತಾವೇ ಕೊಟ್ಟು ಗೆಳೆಯರ ಹೆಸರಿನಲ್ಲಿ ಹಾಕಿಸಿಕೊಳ್ಳುತ್ತಾರೆ. ಕೋರ್ಟಿನಲ್ಲಿ ದಿನಗೂಲಿಯಾದವನಿಗೂ ಸರ್ಕಲ್ಲಿನಲ್ಲಿ ಬಡವನಾಗಿ ಹುಟ್ಟುಹಬ್ಬ ಆಚರಿಸಿಕೊಳ್ಳಲು ಮನಸ್ಸು ಬಂದಿಲ್ಲ. ನಾನು ಕುಣಿದಾಡಿಬಿಟ್ಟೆ. ಮಷೀನಿನ ಫೋಟೋ ಇದ್ದರೆ ಅದರ ಮೇಲೆ ನಂಬರೂ ಇರಬೇಕಲ್ಲ.

ಆಪಾಳದು ಗುಂಡಿ ಒತ್ತುವ ಹಳೇ ಫೋನು, ಅದರಲ್ಲಿ ಫೋಟೋ ಬರುವುದಿಲ್ಲ. ಕೈಯಲ್ಲಿದ್ದ ಮದುವೆಯ ಬ್ಲೌಸುಗಳನ್ನು ಮುಗಿಸಿಕೊಟ್ಟು ಮೂರನೇ ದಿನ ನಾನೇ ಗಂಗಾವತಿಗೆ ಹೋದೆ. ಸರ್ಕಲ್ಲಿನಲ್ಲಿ ಅವನಿರಲಿಲ್ಲ. ಅದೇ ಕಂಬಕ್ಕೆ ಇನ್ಯಾರೋ ಕೈಮುಗಿದು ನಿಂತಿದ್ದ, ಅವನಿಗೆ ಐವತ್ತು ತುಂಬಿತ್ತು. ಕೆಳಗೆ ಹೂವು ಮಾರುವಾಕೆಯನ್ನು ಕೇಳಿದೆ.

"ಹಿಂದಿನ ಫ್ಲೆಕ್ಸ್ ಏನಾತ್ರಿ?"

"ಎರಡ ದಿನ ಇರ್ತಾವ್ರಿ, ಆಮ್ಯಾಲ ಬಿಚ್ಚಿ ಸಂತ್ಯಾಗ ಮಾರ್ತಾರ. ನೆಲಕ್ಕ ಹಾಸಾಕ, ಛಪ್ಪರಕ್ಕ ಹೊದಸಾಕ ಭಾಳ ಛಲೋ ಬರ್ತಾವು."

ಬಸ್ಸಿನಲ್ಲಿ ಹಿಂದಿರುಗುವಾಗ ಅವತ್ತು ನಗು ಬರಲಿಲ್ಲ. ಕಣ್ಣೆದುರಿಗೆ ಟ್ರಂಕು ಬರುತ್ತಿತ್ತು.

ಆದರೆ ಆಪಾ ಕೈಬಿಡಲಿಲ್ಲ. ಒಂದೊಂದು ಸಂತೆಯಲ್ಲೂ ಬಳೆ ಮಾರುತ್ತ ಜನರ ಕಾಲ ಕೆಳಗೆ, ತಲೆಯ ಮೇಲೆ ನೋಡುತ್ತ ತಿರುಗಿದಳು. ಕನಕಗಿರಿಯ ಸಂತೆಯ ದಿನ ಮಧ್ಯಾಹ್ನ ಫೋನ್ ಬಂತು. ಗದ್ದಲದ ನಡುವೆ ಗುಟ್ಟು ಹೇಳುವ ದನಿ.

"ತಂಗೀ, ಸಿಕ್ಕಾನಂತ ಅನಸ್ತೈತಿ. ಮೀಸಿ ಅವಂದ ಐತಿ. ಉಳಿದದ್ದು ಉಳ್ಳಾಗಡ್ಡಿ ಕೆಳಗ ಐತಿ."

"ನಂಬರು?"

"ಅದೂ ಉಳ್ಳಾಗಡ್ಡಿ ಕೆಳಗ. ಬೇವೂರಿನ ಮುದುಕಿ, ಕೊಡಂಗಿಲ್ಲ ಅಂತಾಳ. ಬರೋ ವಾರನೂ ಇದನ್ನ ಹಾಸ್ತಾಳಂತ. ಮುಂದಿನ ಸಂತಿಗೆ ನೀನ ಬಾ. ಫಿಕರ್ ಮಾಡಬ್ಯಾಡ."

ಮುಂದಿನ ಸಂತೆಗೆ ಮಗಳೂ ಬರುತ್ತೇನೆಂದು ಹಟ ಹಿಡಿದಳು. ಬೇಡವೆಂದೆ, ಶಾಲೆ ಇದೆಯೆಂದೆ. ಕೇಳಲಿಲ್ಲ, ತಾನೇ ರಜೆಯ ಅರ್ಜಿ ಬರೆದು ನನ್ನ ಸಹಿಗೆ ತಂದಳು: 'ಮಾನ್ಯರೇ, ನಮ್ಮ ತಂದೆಯವರನ್ನು ಕನಕಗಿರಿ ಸಂತೆಯಿಂದ ತರಬೇಕಾಗಿರುವುದರಿಂದ ಒಂದು ದಿನ ರಜೆ ಮಂಜೂರು ಮಾಡಬೇಕಾಗಿ ವಿನಂತಿ.' ನಾನು ಓದಿ ನೆಲದ ಮೇಲೆ ಕುಳಿತು ನಕ್ಕೆ. ಆಮೇಲೆ ಜ್ವರ ಎಂದು ಬರೆಸಿದೆ.

ಕನಕಗಿರಿಯ ಸಂತೆಯಲ್ಲಿ ಆ ದಿನ ಯಾರ ಮುಖವನ್ನು ತುಳಿದೆವೋ ಲೆಕ್ಕವಿಲ್ಲ. ಬದನೆಕಾಯಿಯ ಕೆಳಗೆ ಒಬ್ಬ ಮುಖಂಡ, ಬೆಳ್ಳುಳ್ಳಿಯ ಕೆಳಗೆ ನವದಂಪತಿ, ಒಣಮೆಣಸಿನಕಾಯಿಯ ಕೆಳಗೆ ಒಂದು ವರ್ಷ ತುಂಬಿದ ಕೂಸು. ಆಪಾ ನಮ್ಮನ್ನು ಸಾಲಿನ ಕೊನೆಗೆ ಕರೆದೊಯ್ದಳು. ಅಲ್ಲಿ ಬೇವೂರಿನ ಅಜ್ಜಿ ಸೊಂಟದೆತ್ತರದ ಉಳ್ಳಾಗಡ್ಡಿಯ ರಾಶಿಗಳ ಹಿಂದೆ ಕುಳಿತಿದ್ದಳು. ದಪ್ಪದ್ದು, ನಡುತರದ್ದು, ಸಣ್ಣದ್ದು, ಮೂರು ರಾಶಿ. ದಪ್ಪ ರಾಶಿಯ ಬುಡದಲ್ಲಿ, ಎರಡು ಉಳ್ಳಾಗಡ್ಡಿಗಳ ನಡುವೆ, ಆ ಮೀಸೆ.

ನನಗೆ ಅನುಮಾನವೇ ಉಳಿಯಲಿಲ್ಲ. ಎಡಭಾಗ ಸ್ವಲ್ಪ ಮೇಲೇರಿದ ಆ ಮೀಸೆಯನ್ನು ನಾನು ಎಂಟು ವರ್ಷ ಎದುರಿಗೆ ಕೂತು ನೋಡಿದ್ದೇನೆ.

"ಅಜ್ಜೀ, ಈ ಫ್ಲೆಕ್ಸ್ ನಮಗ ಕೊಡ್ತೀಯೇನು?"

"ಯಾಕ ಯವ್ವಾ? ಯಾರ ಇವ?"

"ಇಕಿ ಅಪ್ಪ" ಎಂದು ಮಗಳನ್ನು ತೋರಿಸಿದೆ.

ಅಜ್ಜಿ ಮಗಳನ್ನು ನೋಡಿದಳು, ಮೀಸೆಯನ್ನು ನೋಡಿದಳು. "ಛಲೋ ಗಟ್ಟಿ ಅದಾನವಾ. ಎರಡ ಸಂತಿ ಆತು, ಎಲ್ಲೂ ಹರದಿಲ್ಲ" ಅಂದಳು.

ಮಗಳು ನನ್ನ ಬೆನ್ನ ಹಿಂದೆ ಮುಖ ಮುಚ್ಚಿಕೊಂಡಳು, ಅವಳ ಹೆಗಲು ಕುಣಿಯುತ್ತಿದ್ದದ್ದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ನಾನು ಮುಖ ಗಂಟಿಕ್ಕಿಕೊಂಡು ವ್ಯವಹಾರ ಕುದುರಿಸಿದೆ. ಹೊಸ ತಾಡಪತ್ರಿ ಕೊಂಡುಕೊಡುತ್ತೇನೆ, ಇದನ್ನು ಕೊಡು. ಅಜ್ಜಿ ಒಪ್ಪಿದಳು. ಆದರೆ ರಾಶಿ ಮುಟ್ಟಲು ಬಿಡಲಿಲ್ಲ. ಮುಂಜಾನೆಯಿಂದ ಕೂತು ಆರಿಸಿ ಒಟ್ಟಿದ ರಾಶಿ, ಈಗ ಕೆಡಿಸಿದರೆ ಮತ್ತೆ ಆರಿಸುವವರು ಯಾರು? "ಮಾರಿ ಮುಗೀಲಿ, ಒಯ್ಯಿ" ಅಂದಳು.

ಕೊನೆಯ ಬಸ್ಸು ಐದೂವರೆಗೆ. ರಾಶಿ ಸೊಂಟದೆತ್ತರ. ಆಪಾ ನನ್ನನ್ನು ನೋಡಿದಳು, ನಾನು ಮಗಳನ್ನು ನೋಡಿದೆ. ಮೂವರೂ ಸೆರಗು, ಓಢಣಿ ಸಿಕ್ಕಿಸಿ ಉಳ್ಳಾಗಡ್ಡಿ ಮಾರಲು ಕುಳಿತೆವು.

ನಾನು ತೂಗಿದೆ, ಆಪಾ ಚೌಕಾಸಿ ಮಾಡಿದಳು, ಕೂಗುವ ಕೆಲಸ ಮಗಳದು. ಮೊದಲು ನಾಚಿದಳು, ಆಮೇಲೆ ಕನ್ನಡಕ ಮೂಗಿನ ಮೇಲೆ ಏರಿಸಿ ಶುರು ಹಚ್ಚಿಕೊಂಡಳು: "ಬರ್ರಿ ಅಕ್ಕಾರ, ಬೇವೂರ ಉಳ್ಳಾಗಡ್ಡಿ. ನಮ್ಮಪ್ಪನ ತಲಿ ಮ್ಯಾಲಿನ ಉಳ್ಳಾಗಡ್ಡಿ. ಬೇಗ ಒಯ್ರಿ, ಪಾಪ ಅವಗ ಭಾರ ಆಗೇತಿ." ಜನ ನಿಂತು ಕೇಳಿ ನಕ್ಕರು, ನಕ್ಕವರು ಕೊಳ್ಳದೆ ಹೋಗಲು ಆಪಾ ಬಿಡಲಿಲ್ಲ. ರಾಶಿ ಇಳಿದಂತೆ ಅವನು ಏರುತ್ತ ಬಂದ. ಮೀಸೆಯಾದ ಮೇಲೆ ಕರಿ ಕನ್ನಡಕ ಕಂಡಿತು. ಕನ್ನಡಕದ ಮೇಲ್ಗಡೆ 'ಯುವ ಉದ್ಯಮಿ' ಅಂತ ಬಂತು. ಮೂರು ಗಂಟೆಯ ಹೊತ್ತಿಗೆ 'ಕೊಡುಗೈ ದಾನಿ' ಆದ. ಐದು ಕಿಲೋ ಒಬ್ಬರೇ ಒಯ್ದ ಮೇಲೆ 'ಬಡವರ ಬಂಧು' ಎದ್ದುಬಂದಿತು. ಅದನ್ನು ಓದಿ ನಾನು ತಕ್ಕಡಿ ಕೆಳಗಿಟ್ಟೆ, ನಗು ನಿಂತ ಮೇಲೆಯೇ ಮತ್ತೆ ಎತ್ತಿದ್ದು. ನಡುತರದ ರಾಶಿ ಕರಗಿದಾಗ ಮೂರು ಮಷೀನುಗಳು ಸಾಲಾಗಿ ಕಂಡವು, ಮೂರಕ್ಕೂ ಹೂವಿನ ಹಾರ, ಮೂರರ ಮೇಲೂ ದಪ್ಪ ಅಕ್ಷರದ ನಂಬರು. ಮೇಲೆ ಬರೆದಿತ್ತು: 'ಮೂರು ಕಟಾವು ಮಷೀನ್ ಮಾಲೀಕರು.' ನಾನು ಆಪಾಳನ್ನು ಸಂತೆಯ ನಡುವೆಯೇ ತಬ್ಬಿಕೊಂಡೆ.

ಇನ್ನು ಸಣ್ಣ ರಾಶಿಯೊಂದು ಉಳಿದಿತ್ತು, ಕೆಳಗಿನ ಮೂಲೆಯಲ್ಲಿ. ಅದರಡಿಯಲ್ಲಿ ಶುಭ ಕೋರುವವರ ಸಾಲು, ಗುಂಡಗುಂಡಗಿನ ಸಣ್ಣ ಫೋಟೋಗಳು. ಒಬ್ಬ ಗೆಳೆಯ, ಇನ್ನೊಬ್ಬ ಗೆಳೆಯ. ಕೊನೆಯದಾಗಿ ಒಂದು ಹಿಡಿ ಉಳ್ಳಾಗಡ್ಡಿಯನ್ನು ಮಗಳು ಯಾರದೋ ಚೀಲಕ್ಕೆ ಸುರಿದು ತಿರುಗಿದಳು. ಆ ಮೂಲೆಯ ಫೋಟೋದಲ್ಲಿ ಅವಳೇ ಇದ್ದಳು. ಏಳು ವರ್ಷದ ಹುಡುಗಿ, ಮುಂದಿನ ಎರಡು ಹಲ್ಲು ಇಲ್ಲ, ಎರಡು ಜಡೆ, ಬಾಯಿ ತುಂಬ ನಗು. ಕೆಳಗೆ ಬರೆದಿತ್ತು: 'ಮುದ್ದಿನ ಮಗಳು.'

ಅವಳು ಮೊಣಕಾಲೂರಿ ಕುಳಿತು ಫೋಟೋದ ಮೇಲಿನ ಸಿಪ್ಪೆ ಒರೆಸಿದಳು.

"ಅವ್ವಾ, ಅಪ್ಪಗ ನಾ ಇನ್ನೂ ಇಷ್ಟ ಅದೀನೇನು?"

ಅವನ ಮೇಲೆ ಅವತ್ತು ನನಗೆ ಬಂದಷ್ಟು ಸಿಟ್ಟು ಇಷ್ಟು ವರ್ಷದಲ್ಲಿ ಬಂದಿರಲಿಲ್ಲ. ಆದರೂ ನಗು ಬರಲಿಲ್ಲ. ಮಗಳ ಮುಖದಲ್ಲಿ ಸಂತೋಷವೂ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು. ಅಪ್ಪ ತನ್ನನ್ನು ಮರೆತಿಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ಎರಡು ಸಾವಿರ ಸಾಕು ಎಂದು ಅವನು ಬರೆದದ್ದು ಈ ಹಲ್ಲಿಲ್ಲದವಳಿಗೆ, ನನ್ನ ಪಕ್ಕದಲ್ಲಿ ಮೊಣಕಾಲೂರಿ ಕುಳಿತವಳಿಗಲ್ಲ. ಅವನಿಗೆ ಇವಳ ಗುರುತೇ ಇರಲಿಲ್ಲ.

ಅಜ್ಜಿ ಖಾಲಿಯಾದ ಜಾಗ ನೋಡಿ ಖುಷಿಯಾಗಿದ್ದಳು. ಹೊಸ ತಾಡಪತ್ರಿಯನ್ನು ಮೂಸಿ ನೋಡಿ ಮಡಚಿಟ್ಟುಕೊಂಡು ಕೇಳಿದಳು. "ಗಂಡನ್ನ ಮತ್ತ ಮನಿಗೆ ಒಯ್ಯಾಕತ್ತಿ ಏನವಾ?"

"ಇಲ್ಲಬೇ, ಕೋರ್ಟಿಗೆ."

"ಹಂಗಾರ ಒಯ್ಯಿ" ಎಂದು ಸುರುಳಿ ಸುತ್ತಲು ತಾನೂ ಕೈಹಾಕಿದಳು.

ಬಸ್ಸಿನಲ್ಲಿ ಸುರುಳಿಯನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಮೂವರ ತೊಡೆಯ ಮೇಲೆ ಅಡ್ಡ ಹಾಕಿಕೊಂಡೆವು. ಕಂಡಕ್ಟರು ಬಂದು ಇದಕ್ಕೆ ಲಗೇಜು ಟಿಕೆಟ್ ಆಗುತ್ತದೆ ಅಂದ. ಆಪಾ ಸುರುಳಿಯ ತುದಿ ಬಿಡಿಸಿ ಮೀಸೆ ತೋರಿಸಿ, ಮನುಷ್ಯನಿಗೆ ಲಗೇಜು ಹೇಗೆ ಹಾಕುತ್ತೀ ಎಂದು ವಾದಕ್ಕೆ ನಿಂತಳು. ಗಂಗಾವತಿ ಬರುವವರೆಗೂ ಬಸ್ಸಿಗೆ ಬಸ್ಸೇ ಆ ವಾದ ಕೇಳಿತು. ಮಗಳು ಮತ್ತೆ ನಗಲು ಶುರು ಮಾಡಿದಳು. ನನಗೆ ಜೀವ ಬಂತು.

ಮೇಡಂ ಮೂರೂ ನಂಬರು ಬರೆದುಕೊಂಡು ದಾಖಲೆ ತೆಗೆಸಿದರು. ಮೂರೂ ಅವನ ಹೆಸರಿನಲ್ಲೇ ಇದ್ದವು. ಒಂದು ವಾರ ಕೂತು ಪ್ರಶ್ನೆಗಳನ್ನು ಒಂದರ ಬೆನ್ನಿಗೆ ಒಂದರಂತೆ ಜೋಡಿಸಿಕೊಂಡರು. ಮೊದಲು ಇದು, ಅವನು ಹೀಗಂದರೆ ಅದು, ಕಡೆಗೆ ದಾಖಲೆ. ನನಗೆ ಓದಿ ಓದಿ ತೋರಿಸುವಾಗ ಅವರ ಕಣ್ಣುಗಳು ಹೊಳೆಯುತ್ತಿದ್ದವು.

ವಿಚಾರಣೆಯ ದಿನ ಮಗಳನ್ನೂ ಕರೆತರಲು ಹೇಳಿದ್ದರು, ಆಪಾ ಕರೆಯದೆಯೇ ಬಂದಿದ್ದಳು. ಕೋರ್ಟಿನ ಪಡಸಾಲೆಯಲ್ಲಿ ಸುರುಳಿಯನ್ನು ಗೋಡೆಗೆ ಒರಗಿಸಿ ಅವಳೂ ಒರಗಿ ನಿಂತಿದ್ದಳು. ಅವನು ಬಂದ, ಅದೇ ನೀಲಿ ಅಂಗಿ, ಅದೇ ಬಿಳಿ ಗುಂಡಿ. ನಮ್ಮೆದುರಿಗೆ ಬಂದವನು ಸುಮ್ಮನೆ ಹೋಗಲಾರದೆ ನಿಂತ. ಮಗಳ ಕಡೆ ನೋಡಿದ.

"ಇಕಿ ನಿಮ್ಮಣ್ಣನ ಮಗಳಲ್ಲಾ? ಎಷ್ಟ ದೊಡ್ಡಾಕಿ ಆಗ್ಯಾಳ" ಎಂದು ನನಗಂದ. ಆಮೇಲೆ ಅತ್ತಿತ್ತ ನೋಡಿ ಕೇಳಿದ. "ನಮ್ಮಾಕಿ ಬಂದಿಲ್ಲೇನು?"

ಮಗಳು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು, ಗುರುತು ಹಿಡಿಯಲು ಅನುಕೂಲವಾಗಲಿ ಎಂಬಂತೆ.

"ಬಂದೀನ್ರಿ" ಅಂದಳು. "ನಾನ ರೀ."

ತನ್ನ ಅಪ್ಪನಿಗೆ 'ರೀ' ಅಂದಳು, ದಾರಿಯಲ್ಲಿ ಸಿಕ್ಕ ಪರಿಚಯವಿಲ್ಲದ ಗೃಹಸ್ಥನಿಗೆ ಹೇಳುವ ಹಾಗೆ. ಬೇಕೆಂದು ಅಂದದ್ದಲ್ಲ, ಹಾಗೇ ಬಂದದ್ದು. ಅವನು ಕೈಯೆತ್ತಿ ಅವಳ ತಲೆ ಮುಟ್ಟಲು ಹೋದ, ತಲೆ ಅವನು ಅಂದುಕೊಂಡ ಎತ್ತರದಲ್ಲಿರಲಿಲ್ಲ, ಕೈ ಅವಳ ಹೆಗಲಿಗೆ ತಾಗಿತು. ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು.

ಒಳಗೆ ಮೇಡಂ ಗಂಟಲು ಸರಿಮಾಡಿಕೊಂಡು ಮೊದಲನೇ ಪ್ರಶ್ನೆ ಕೇಳಿದರು, ನಿಮ್ಮ ಹತ್ತಿರ ಕಟಾವು ಮಷೀನು ಇವೆಯೋ ಇಲ್ಲವೋ.

"ಅದಾವ್ರಿ. ಮೂರು" ಅಂದ ಅವನು ನೆಲ ನೋಡುತ್ತ.

ಮೇಡಂ ಮುಂದಿನ ಹಾಳೆ ತಿರುವಿದರು, ಹಿಂದಿನ ಹಾಳೆ ತಿರುವಿದರು. ಒಂದು ವಾರದ ಪ್ರಶ್ನೆಗಳೆಲ್ಲ ಅಲ್ಲೇ ಸತ್ತವು. ಅವನ ವಕೀಲರು ಅವನನ್ನು ಗುರಾಯಿಸಿದರು. ಮೇಡಂ ಮುಖ ಸಪ್ಪಗಾದದ್ದು ನೋಡಿ ನನಗೆ ಒಳಗಿಂದ ಕುಲುಕಾಡಿಸುವ ನಗು ಬಂತು, ಅದೇ ಹೊತ್ತಿಗೆ ಕಣ್ಣಲ್ಲಿ ನೀರೂ ಬಂತು.

ದಾಖಲೆಗಳನ್ನು ತೆಗೆದುಕೊಂಡ ನ್ಯಾಯಾಧೀಶರು ತಲೆಯೆತ್ತಿ ಕೇಳಿದರು. "ಇಲ್ಲಿ ಉಳ್ಳಾಗಡ್ಡಿ ವಾಸನೆ ಎಲ್ಲಿಂದ ಬರ್ತಾ ಇದೆ?"

ಮೇಡಂ ಸುರುಳಿ ತರಿಸಿದರು. ಒಂದು ತುದಿಯನ್ನು ಕೋರ್ಟಿನ ಸಿಪಾಯಿ ಹಿಡಿದ, ಇನ್ನೊಂದನ್ನು ಆಪಾ ಹಿಡಿದಳು. ಬಿಚ್ಚಿದಂತೆ ಒಣ ಸಿಪ್ಪೆಗಳು ನೆಲದ ತುಂಬ ಉದುರಿದವು. ಕೊಡುಗೈ ದಾನಿ, ಬಡವರ ಬಂಧು ಹತ್ತಡಿ ಅಗಲಕ್ಕೆ ನಿಂತ, ಅವನ ಕೆಳಗೆ ಹರಿದ ಕಾಲರಿನವನು ನಿಂತ. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು, ಆ ಸಲ ನಾನಲ್ಲ. ನ್ಯಾಯಾಧೀಶರು ಪೂರ್ತಿ ಓದಿ ಮೂಲೆಯ ಫೋಟೋ ತೋರಿಸಿ ಅವನನ್ನೇ ಕೇಳಿದರು. "ಈ ಮಗು ಯಾರು?"

ಅವನು ಬಾಗಿಲ ಬಳಿ ನಿಂತಿದ್ದ ಮಗಳ ಕಡೆ ಕೈ ತೋರಿಸಿದ. ನ್ಯಾಯಾಧೀಶರು ಫೋಟೋ ನೋಡಿದರು, ಬಾಗಿಲು ನೋಡಿದರು. ಆಮೇಲೆ ಏನನ್ನೋ ಬರೆದುಕೊಂಡರು.

ಇಳಿಸುವ ಅರ್ಜಿ ವಜಾ ಆಯಿತು. ಬಾಕಿಯನ್ನು ನಾಲ್ಕು ಕಂತಿನಲ್ಲಿ ಕೊಡಬೇಕು, ಜೀವನಾಂಶ ಇನ್ನುಮುಂದೆ ಎಂಟು ಸಾವಿರ ಎಂದು ಆದೇಶ ಬಂತು. ನಾವು ಕೇಳಿದ್ದು ಹತ್ತು, ಇರಲಿ. ಅಣ್ಣನಿಗೆ ಫೋನ್ ಮಾಡಿ ಜೂನಿಗೆ ಹುಡುಗಿ ಬರುವುದಿಲ್ಲ ಅಂದೆ. ಅವನು ಖುಷಿಪಟ್ಟು, ಟ್ರಂಕು ವಾಪಸ್ ಕಳಿಸು ಅಂದ. ನಾನು ಕಳಿಸಲಿಲ್ಲ. ಅದರೊಳಗೆ ಈಗ ಬ್ಲೌಸಿನ ತುಂಡುಬಟ್ಟೆಗಳಿವೆ, ಅದರ ಮೇಲೆ ಕುಳಿತು ಅವಳು ಹುಕ್ಕು ಹಚ್ಚುತ್ತಾಳೆ.

ಅವನೇನೂ ಒಮ್ಮೆಲೇ ಬದಲಾಗಲಿಲ್ಲ. ಮೂರು ಕಂತು ಬಂದವು, ಒಂದೊಂದಕ್ಕೂ ಮೇಡಂ ಒಂದೊಂದು ನೋಟಿಸು ತೋರಿಸಬೇಕಾಯಿತು. ನಾಲ್ಕನೆಯದು ಬರಲೇ ಇಲ್ಲ. ದೀಪಾವಳಿ ಕಳೆದು ವಾರವಾಗಿರಬೇಕು, ಒಂದು ಮುಂಜಾನೆ ಅವನದೇ ಫೋನು. ನನ್ನ ಕೈಯಲ್ಲಿ ಕತ್ತರಿ ಇದ್ದದ್ದರಿಂದ ಮಗಳು ಸ್ಪೀಕರು ಹಾಕಿದಳು.

"ಹುಟ್ಟಿದಹಬ್ಬ ಬಂತಲ್ಲ, ನಮ್ಮ ಗೆಳ್ಯಾರು ಮತ್ತ ಫ್ಲೆಕ್ಸ್ ಹಾಕಸಾಕತ್ಯಾರ" ಅಂದ. "ಮಗಳದೊಂದ್ ಫೋಟೋ ಬೇಕಾಗಿತ್ತು. ಈಗಿಂದು."

ನಾನು ಕತ್ತರಿ ಕೆಳಗಿಟ್ಟು ಬಾಯಿಗೆ ಸೆರಗು ಒತ್ತಿಕೊಂಡೆ. ಮಗಳು ಹಲ್ಲಿನಲ್ಲಿ ದಾರ ಕಡಿದು, ಫೋನಿನ ಹತ್ತಿರ ಬಾಗಿದಳು.

"ಅಪ್ಪಾ, ಕಡೀ ಕಂತು ಇನ್ನೂ ಬಂದಿಲ್ಲ. ಅದು ಬಂದ ದಿನ ಫೋಟೋ ಬರ್ತೈತಿ."

ಆಚೆ ಕಡೆ ಅವನು ನಕ್ಕ. ಅವನಿಗೂ ನಗಲು ಬರುತ್ತಿತ್ತು ಅನ್ನುವುದು ನನಗೆ ಮರೆತೇಹೋಗಿತ್ತು. ಗೋಡೆಯಾಚೆಯಿಂದ ಆಪಾ ಕೂಗಿ ಕಾರಣ ಕೇಳಿದಳು.

ಮಧ್ಯಾಹ್ನದೊಳಗೆ ಹಣ ಬಂತು, ಈ ಸಲ ನೋಟಿಸಿಲ್ಲದೆ. ಮಗಳು ಟ್ರಂಕಿನ ಮೇಲೆ ಕುಳಿತು ಫೋನಿನಲ್ಲಿದ್ದ ತನ್ನ ಫೋಟೋಗಳನ್ನೆಲ್ಲ ಒಂದು ಗಂಟೆ ತಿರುವಿದಳು. ಜಡೆ ಇದ್ದದ್ದು ಬೇಡ ಅಂದಳು, ಕನ್ನಡಕ ಇಲ್ಲದ್ದು ಬೇಡ ಅಂದಳು. ಕೊನೆಗೆ ಒಂದನ್ನು ಆರಿಸಿ ನನ್ನ ಮುಂದೆ ಹಿಡಿದಳು. ಶಾಲೆಯ ಯೂನಿಫಾರ್ಮು, ಕನ್ನಡಕ, ಎಲ್ಲ ಹಲ್ಲೂ ಕಾಣುವ ನಗು.

"ಅವ್ವಾ, ಇದರಾಗ ಅಪ್ಪ ನನ್ನ ಗುರ್ತ ಹಿಡೀತಾನಲ್ಲಾ?"

"ಹಿಡೀತಾನ" ಅಂದೆ. ಅವಳು ಕಳಿಸಿದಳು.